ಗೇಟ್ ಬದಲಾಗಿದೆ

ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ದೂರು ಬಂತು. ತಂದವರು ದರ್ಜಿ ಕೆಲಸದ ಹೆಂಗಸು, ವಯಸ್ಸು ಅರವತ್ತರ ಆಚೀಚೆ. ಬಲಗೈ ಮಣಿಕಟ್ಟಿಗೆ ಹೊಸ ಪ್ಲಾಸ್ಟರ್. ಬರೆಯಲು ಕೈಯಿಲ್ಲದ್ದರಿಂದ ಅವರು ಹೇಳುತ್ತಾ ಹೋದರು, ದಫೇದಾರ ಬರೆಯುತ್ತಾ ಹೋದ. ಇನ್‌ಸ್ಪೆಕ್ಟರ್ ಮೇಡಂ ಎದುರು ಕೂತು ಪ್ರಶ್ನೆ ಕೇಳಿದರು.

“ಎಲ್ಲಿಗೆ ಹೊರಟಿದ್ರಿ?”

“ಬಂದರಿಗೆ. ಮಗ ಹಡಗಲ್ಲಿ ಕೆಲಸ ಮಾಡ್ತಾನೆ. ಹಡಗು ಈ ಕಡೆ ಬರೋದೇ ಅಪರೂಪ. ನಿನ್ನೆ ಒಂದು ದಿನ ನಿಲ್ತಿತ್ತು. ಅವನೇ ಟಿಕೆಟ್ ಕಳಿಸಿದ್ದ. ನಾನು ವಿಮಾನ ಹತ್ತೋದು ಅದೇ ಮೊದಲು.”

“ಏನಾಯ್ತು?”

“ನಾಲ್ಕನೇ ಗೇಟ್ ಹತ್ರ ಕೂತಿದ್ದೆ. ಮೈಕಲ್ಲಿ ಹೇಳಿದ್ರು, ಗೇಟ್ ಬದಲಾಗಿದೆ, ಹತ್ತೊಂಬತ್ತಕ್ಕೆ ಹೋಗಿ ಅಂತ. ಎಲ್ರೂ ಎದ್ರು, ನಾನೂ ಎದ್ದೆ. ಹತ್ತೊಂಬತ್ತು ಅನ್ನೋದು ಊರಾಚೆ ಇದೆ ಮೇಡಂ! ಹೋಗಿ ನೋಡಿದ್ರೆ ಅಲ್ಲಿ ನರಪಿಳ್ಳೆ ಇಲ್ಲ. ಯಾರೋ ಓಡಿ ಬಂದು ‘ಇಲ್ಲಿ ಬರೋಕೆ ಯಾರ್ರೀ ಹೇಳಿದ್ದು, ವಾಪಸ್ ನಡೀರಿ’ ಅಂದ್ರು. ಓಡಿದೆ. ಜಾರಿ ಬಿದ್ದೆ. ಎದ್ದು ಬರೋ ಹೊತ್ತಿಗೆ ಬಾಗಿಲು ಹಾಕಿಬಿಟ್ಟಿದ್ರು.”

“ಮಗ?”

“ಹಡಗು ಸಂಜೆ ಹೊರಟುಹೋಯ್ತು. ಇನ್ನು ಬರೋದು ಒಂದೂವರೆ ವರ್ಷಕ್ಕೋ ಎರಡಕ್ಕೋ.” ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡರು. “ಕಂಪನಿಯವರು ಬೇರೆ ಟಿಕೆಟ್ ಕೊಡ್ತೀವಿ ಅಂತಾರೆ. ಹಡಗೇ ಇಲ್ಲ, ಟಿಕೆಟ್ ಇಟ್ಕೊಂಡು ನಾನೇನು ಮಾಡ್ಲಿ? ಆ ಸುಳ್ಳು ಯಾರು ಹೇಳಿದ್ದು, ಯಾಕೆ ಹೇಳಿದ್ದು, ಅಷ್ಟು ತಿಳಿದು ನನಗೆ ಹೇಳಿ. ಸಾಕು.”

ಎಫ್‌ಐಆರ್ ದಾಖಲಾಯಿತು. ಇಂಥ ದೂರಿಗೆ ಯಾವ ಕಲಂ ಹಾಕುವುದೆಂದು ದಫೇದಾರ ತಲೆ ಕೆರೆದುಕೊಂಡ. ಕಳ್ಳತನವಲ್ಲ, ಹೊಡೆದಾಟವಲ್ಲ, ಯಾರೋ ಒಂದು ಮಾತು ಹೇಳಿದ್ದಾರೆ, ಅಷ್ಟೇ. ಕೊನೆಗೆ ಸುಳ್ಳು ಸೂಚನೆ ಮತ್ತು ಅದರಿಂದಾದ ಗಾಯ ಎಂದು ಬರೆದು, ಕಲಮಿನ ಜಾಗ ಮೇಡಂಗೆ ಬಿಟ್ಟ.

ಈ ಮೇಡಂ ಇಲ್ಲಿಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಜನ್ಮದಲ್ಲಿ ವಿಮಾನ ಹತ್ತಿದವರೂ ಅಲ್ಲ. ಕಿಟಕಿಯಾಚೆ ಒಂದು ವಿಮಾನ ನೆಲ ಬಿಟ್ಟಿತೆಂದರೆ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅಷ್ಟು ದೊಡ್ಡ ಕಬ್ಬಿಣ, ಅಷ್ಟು ಜನ, ಅಷ್ಟು ಗಂಟುಮೂಟೆ, ಎಲ್ಲ ಸೇರಿ ಹೇಗಪ್ಪಾ ಮೇಲೇಳುತ್ತೆ ಎಂದು ಅವರಿಗೆ ಪ್ರತಿಸಲವೂ ಹೊಸದಾಗಿ ಆಶ್ಚರ್ಯವಾಗುತ್ತಿತ್ತು. ದಫೇದಾರನಿಗೆ ಅದು ರೂಢಿಯಾಗಿತ್ತು. “ಅದು ಹೋಯ್ತು ಮೇಡಂ, ನೀವು ಮುಂದುವರಿಸಿ” ಎನ್ನುತ್ತಿದ್ದ.

ಮಧ್ಯಾಹ್ನ ಇಬ್ಬರೂ ನಿಲ್ದಾಣದೊಳಗೆ ಹೋದರು. ಘೋಷಣೆ ಕೋಣೆ ಎಲ್ಲಿದೆಯೆಂದು ತಿಳಿಯಲು ಮಾಹಿತಿ ಕೌಂಟರಿನ ಸಾಲಿನಲ್ಲಿ ನಿಂತರು. ಕೌಂಟರಿನಲ್ಲಿದ್ದವನು ಐವತ್ತು ದಾಟಿದ, ಕೂದಲು ನೆರೆತ ಸಣಕಲು ಮನುಷ್ಯ. ನಿಲ್ದಾಣದವರೆಲ್ಲ ಅವನನ್ನು ಗಡಿಯಾರದಣ್ಣ ಎಂದು ಕರೆಯುತ್ತಿದ್ದರು. ಯಾವ ವಿಮಾನ ಎಲ್ಲಿದೆ, ಯಾವುದು ತಡ, ಯಾವ ಮೂಲೆಯಲ್ಲಿ ಕುಡಿಯುವ ನೀರು, ಎಲ್ಲ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಗಾಬರಿಯಾಗಿ ಬಂದವರು ಒಂದು ಪ್ರಶ್ನೆ ಕೇಳುವರು, ಅವನು ಒಂದು ಉತ್ತರ ಕೊಡುವನು, ಅವರ ಮುಖ ತಿಳಿಯಾಗುವುದು. ಇನ್‌ಸ್ಪೆಕ್ಟರ್ ತಮ್ಮ ಸರದಿ ಬಂದದ್ದೂ ಮರೆತು ನೋಡುತ್ತ ನಿಂತರು.

“ಕೇಳಿ ಮೇಡಂ.”

“ಘೋಷಣೆ ಕೋಣೆ?”

“ಎಡಕ್ಕೆ, ಮೆಟ್ಟಿಲು ಹತ್ತಿ, ಮೊದಲನೇ ಬಾಗಿಲು.”

“ಇಷ್ಟು ಚುಟುಕಾಗಿ ಹೇಳ್ತೀರಲ್ಲ!”

“ಕೇಳಿದ್ದಕ್ಕೆ ಸರಿಯಾಗಿ ಹೇಳ್ಬೇಕು, ಕೇಳದ್ದನ್ನ ಹೇಳ್ಬಾರದು. ಜಾಸ್ತಿ ಹೇಳಿದ್ರೆ ಜನ ಹೆದರ್ತಾರೆ ಮೇಡಂ. ಈ ಕೌಂಟರಿನ ಪದ್ಧತಿ ಇದು.”

“ಇಂಥವರನ್ನ ಸಾಕ್ಷಿ ಮಾಡ್ಕೋಬೇಕು ನೋಡಿ” ಎಂದು ದಫೇದಾರ ಮೆಟ್ಟಿಲು ಹತ್ತುತ್ತಾ ನಕ್ಕ. “ನಮ್ಮ ಸಾಕ್ಷಿದಾರರು ಕೇಳಿದ್ದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಾರೆ.”

ಮೇಲೆ ವಿಮಾನ ಕಂಪನಿಯ ಮ್ಯಾನೇಜರು ಕಾಯುತ್ತಿದ್ದ. ಕುರ್ಚಿ ತೋರಿಸುವುದಕ್ಕೂ ಮೊದಲೇ “ನಮ್ಮವರು ಯಾರೂ ಮಾಡಿಲ್ಲ” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಎಂದುಕೊಂಡರು ಇನ್‌ಸ್ಪೆಕ್ಟರ್. ಆದರೆ ಅವನ ಹೆದರಿಕೆ ನೌಕರಿಯ ಹೆದರಿಕೆ, ಕಳ್ಳನದಲ್ಲ.

ಘೋಷಣೆ ಮಾಡುವುದು ಮನುಷ್ಯರ ಗಂಟಲಲ್ಲ, ಮೊದಲೇ ಮುದ್ರಿಸಿಟ್ಟ ದನಿ. ವಿಮಾನದ ಸಂಖ್ಯೆ ಒತ್ತಿ, ಗೇಟಿನ ಸಂಖ್ಯೆ ಒತ್ತಿದರೆ ಯಂತ್ರವೇ ಮಾತಾಡುತ್ತದೆ. ಆ ಗುಂಡಿಗಳು ಈ ಕೋಣೆಯಲ್ಲೂ ಇವೆ, ಪ್ರತಿ ಗೇಟಿನಲ್ಲೂ ಇವೆ, ಕೆಳಗಿನ ಕೌಂಟರುಗಳಲ್ಲೂ ಇವೆ.

“ಗುಪ್ತಸಂಖ್ಯೆ ಇಲ್ವಾ?”

“ಇದೆ ಮೇಡಂ. ಬಹಳ ಭದ್ರ” ಎಂದ ಮ್ಯಾನೇಜರು.

ದಫೇದಾರ ಮೇಜಿನ ಕೆಳಗೆ ಬಗ್ಗಿ ನೋಡಿದ. ಯಾರಿಗೂ ಮರೆಯದಿರಲಿ ಎಂದು ಆ ಭದ್ರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದರು. ಎಲ್ಲ ಕಡೆಯೂ ಅದೇ ಸಂಖ್ಯೆ, ಎಲ್ಲ ಕಡೆಯೂ ಅಂಥದೇ ಚೀಟಿ. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಮಾಡಿದರು. ಅಂದರೆ ನಿಲ್ದಾಣದ ಸಮವಸ್ತ್ರ ತೊಟ್ಟ ಯಾರು ಬೇಕಾದರೂ ಆ ಗುಂಡಿ ಒತ್ತಿರಬಹುದಾಗಿತ್ತು.

ಆಮೇಲೆ ಕ್ಯಾಮೆರಾ ಚಿತ್ರ ಹಾಕಿಸಿದರು. ಭಾನುವಾರ ಬೆಳಗ್ಗೆ ನಾಲ್ಕನೇ ಗೇಟು. ಕುರ್ಚಿ ತುಂಬ ಜನ. ಒಬ್ಬ ನಿದ್ದೆ ಮಾಡುತ್ತಿದ್ದಾನೆ, ಒಬ್ಬಳು ಮಗುವಿಗೆ ಬಾಟಲಿ ಹಿಡಿದಿದ್ದಾಳೆ, ದರ್ಜಿಯಮ್ಮ ಬಟ್ಟೆಚೀಲ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದಾರೆ. ಎದುರಿನ ಪರದೆಯಲ್ಲಿ ಗೇಟ್ ನಾಲ್ಕು ಎಂದೇ ಇದೆ. ಅಷ್ಟರಲ್ಲಿ ದನಿ ಬಂತು. ಇಡೀ ಸಭೆ ಒಮ್ಮೆಲೇ ಎದ್ದಿತು. ನಿದ್ದೆಯಲ್ಲಿದ್ದವನೂ ಎದ್ದ. ಯಾರೂ ಪರದೆ ನೋಡಲಿಲ್ಲ, ಯಾರೂ ಯಾಕೆ ಎನ್ನಲಿಲ್ಲ. ಮೂಟೆ ಎತ್ತಿಕೊಂಡು, ಮಗು ಎತ್ತಿಕೊಂಡು ಹೊರಟೇಬಿಟ್ಟರು.

“ಅಬ್ಬಾ!” ಎಂದರು ಇನ್‌ಸ್ಪೆಕ್ಟರ್. ಅವರ ಮೈ ಜುಮ್ಮೆಂದಿತು. “ದಫೇದಾರ್ರೇ, ನಾವು ಲಾಠಿ ಹಿಡಿದು ಕೂಗಿದ್ರೂ ಹತ್ತು ಜನ ಪಕ್ಕಕ್ಕೆ ಸರಿಯಲ್ಲ. ಇಲ್ಲಿ ನೋಡಿ, ಮುಖ ಇಲ್ಲದ ಒಂದು ದನಿ.”

“ಅದನ್ನ ಕೇಳಿದ್ರೆ ಕೆಡೋದಿಲ್ಲ ಅಂತ ನಂಬಿಕೆ ಮೇಡಂ. ನಮ್ಮ ಮೇಲೆ ಅದಿಲ್ಲ.”

ಆ ಚಿತ್ರವನ್ನು ಅವರು ಮತ್ತೆ ಮತ್ತೆ ಹಾಕಿಸಿ ನೋಡಿದರು. ಇಷ್ಟು ದೊಡ್ಡ ನಂಬಿಕೆಯನ್ನು ಒಬ್ಬ ಸುಮ್ಮನೆ ತಮಾಷೆಗೆ ಮುರಿಯಲಾರ ಎಂದು ಅವರಿಗೆ ಅನ್ನಿಸಿತು.

ಮಾರನೇ ದಿನ ಮ್ಯಾನೇಜರನ್ನು ಮತ್ತೆ ಕೂರಿಸಿಕೊಂಡರು.

“ಜನ ಹತ್ತೊಂಬತ್ತಕ್ಕೆ ಹೋದ್ರು. ವಿಮಾನ ಬಿಟ್ಟು ಹೋಗಬಹುದಿತ್ತಲ್ಲ, ಯಾಕೆ ಕಾಯ್ತು?”

“ಬಿಡೋಕಾಗಲ್ಲ ಮೇಡಂ. ಲಗೇಜು ಆಗಲೇ ವಿಮಾನದ ಹೊಟ್ಟೇಲಿತ್ತು. ಲಗೇಜಿನ ಯಜಮಾನ ಹತ್ತದೇ ಲಗೇಜು ಹಾರೋ ಹಾಗಿಲ್ಲ. ಒಬ್ಬರೋ ಇಬ್ಬರೋ ಆದ್ರೆ ಅವರ ಪೆಟ್ಟಿಗೆ ಹುಡುಕಿ ಇಳಿಸಿ ಹೊರಟುಬಿಡ್ತೀವಿ. ವಿಮಾನಕ್ಕೆ ವಿಮಾನವೇ ಖಾಲಿ ಆದ್ರೆ ಜನರನ್ನ ವಾಪಸ್ ಕರೆತರೋದೇ ಸುಲಭ.”

“ಮತ್ತೆ ದರ್ಜಿಯಮ್ಮನಿಗೆ ಯಾಕೆ ಕಾಯಲಿಲ್ಲ?”

ಮ್ಯಾನೇಜರು ತಲೆ ತಗ್ಗಿಸಿದ. “ಅವರ ಹತ್ರ ಇದ್ದಿದ್ದು ಕೈಚೀಲ ಮಾತ್ರ.”

ಇನ್‌ಸ್ಪೆಕ್ಟರಿಗೆ ತಲೆಯಲ್ಲಿ ದೀಪ ಹತ್ತಿತು. ಎರಡು ದಿನದಿಂದ ಅವರು ವಿಮಾನ ಯಾರಿಗೆ ತಪ್ಪಿತು ಎಂದು ಕೇಳುತ್ತಿದ್ದರು. ಕೇಳಬೇಕಾದದ್ದು ಅದಲ್ಲ. ಈ ಕಸರತ್ತಿನಿಂದ ಆದದ್ದು ಒಂದೇ, ವಿಮಾನ ನಿಂತಿತು. ಹಾಗಾದರೆ ತಪ್ಪಬೇಕಾಗಿದ್ದ ವಿಮಾನ ಯಾರಿಗೆ ಸಿಕ್ಕಿತು?

“ಎಲ್ರಿಗಿಂತ ಕೊನೆಗೆ ಹತ್ತಿದ್ದು ಯಾರು?”

ಗೇಟಿನಲ್ಲಿ ಕೆಲಸ ಮಾಡುವ ಹುಡುಗಿಯನ್ನು ಕರೆಸಿದರು. ಅವಳಿಗೆ ಥಟ್ಟನೆ ನೆನಪಾಯಿತು. “ಒಂದು ಅಜ್ಜಿ ಮೇಡಂ! ಹತ್ತೊಂಬತ್ತರ ಕಡೆಯಿಂದ ಬಂದವರಲ್ಲ, ಆಗ ತಾನೇ ಹೊರಗಿಂದ ಬಂದ್ರು. ವಿಮಾನದ ಬಾಗಿಲಲ್ಲಿ ನಿಂತು ‘ಚಪ್ಪಲಿ ಬಿಚ್ಚಬೇಕೇನಮ್ಮ?’ ಅಂದ್ರು. ನಗು ಬಂತು, ಆಮೇಲೆ ಅಳೂ ಬಂತು. ಬುಧವಾರ ವಾಪಸ್ ಬರ್ತೀನಿ ಅಂದಿದ್ರು.”

ಬುಧವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾದಾ ಉಡುಪಿನಲ್ಲಿ, ಬಂದವರು ಹೊರಬರುವ ಬಾಗಿಲಲ್ಲಿ ನಿಂತರು. ಅಜ್ಜಿ ಬಂದರು. ಗುಬ್ಬಿಯಂಥ ದೇಹ, ಇಷ್ಟಗಲ ಕಣ್ಣು. ತಾವು ಪೊಲೀಸಿನವರೆಂದು ಇನ್‌ಸ್ಪೆಕ್ಟರ್ ಹೇಳಿಕೊಂಡರೂ ಅಜ್ಜಿ ಹೆದರಲಿಲ್ಲ. ಅವರಿಗೆ ಹೇಳಲು ಯಾರಾದರೊಬ್ಬರು ಬೇಕಾಗಿತ್ತು.

“ಹೇಗಿತ್ತಮ್ಮ ವಿಮಾನ?”

“ಅಯ್ಯೋ, ಏನಂತ ಹೇಳ್ಲಿ ಮಗಳೇ! ಮೋಡ ಕೆಳಗಿತ್ತು ಕಣಮ್ಮ! ಒಗೆದ ಬಟ್ಟೆ ಒಣಗೋಕೆ ಮೋಡ ಸರೀಲಿ ಅಂತ ಜೀವಮಾನವೆಲ್ಲ ಕತ್ತೆತ್ತಿ ಕಾದಿದೀನಿ. ಮೇಲೆ ಹೋದ್ರೆ ಬರೀ ಬಿಸಿಲು! ಕೆಳಗೆ ಕತ್ತಲಾಗಿದ್ರೂ ಅಲ್ಲಿ ಬಿಸಿಲೇ ಇರುತ್ತಂತೆ. ನಮಗೆ ಯಾರೂ ಹೇಳೇ ಇರಲಿಲ್ಲ ನೋಡು.”

ಇನ್‌ಸ್ಪೆಕ್ಟರಿಗೆ ಕೇಳಬೇಕಾದ ಪ್ರಶ್ನೆ ಒಂದು ಗಳಿಗೆ ಮರೆತೇಹೋಯಿತು. ಅಜ್ಜಿಯ ಮುಖವನ್ನೇ ನೋಡುತ್ತ ನಿಂತರು.

“ಹೋಗೋವಾಗ ತಡ ಆಯ್ತಂತಲ್ಲ?”

“ಹೂಂ, ದಾರೀಲಿ ನೀರಿನ ಪೈಪು ಒಡೆದು ರಸ್ತೆ ಮುಚ್ಚಿದ್ರು. ನನ್ನ ಕೈಕಾಲೇ ತಣ್ಣಗಾಯ್ತು. ಮಗನಿಗೆ ಫೋನ್ ಮಾಡ್ದೆ. ‘ಅಮ್ಮ, ಓಡಬೇಡ, ನಿಧಾನ ಬಾ, ವಿಮಾನ ನಿಲ್ಲುತ್ತೆ’ ಅಂದ. ನಿಂತೇ ಇತ್ತು! ನನ್ನ ಮಗ ಇಲ್ಲೇ ಕೆಲಸ. ಯಾರು ಏನು ಕೇಳಿದ್ರೂ ಹೇಳ್ತಾನೆ. ಬಾ, ತೋರಿಸ್ತೀನಿ.”

ಅಜ್ಜಿ ತೋರಿಸಿದ್ದು ಮಾಹಿತಿ ಕೌಂಟರನ್ನು. ಜೊತೆಗಿದ್ದ ದಫೇದಾರ ನಿಟ್ಟುಸಿರು ಬಿಟ್ಟ.

ಇನ್‌ಸ್ಪೆಕ್ಟರ್ ಅಜ್ಜಿಯನ್ನು ಬೆಂಚಿನಲ್ಲಿ ಕೂರಿಸಿ ಸಾಲಿನಲ್ಲಿ ನಿಂತರು. ಸರದಿ ಬಂತು.

“ಕೇಳಿ ಮೇಡಂ.”

“ಭಾನುವಾರ ಬೆಳಗ್ಗೆ, ಗೇಟ್ ಹತ್ತೊಂಬತ್ತಕ್ಕೆ ಬದಲಾಗಿದೆ ಅಂತ ಘೋಷಣೆ ಹಾಕಿದ್ದು ಯಾರು?”

“ನಾನು, ಮೇಡಂ.”

ಶೌಚಾಲಯ ಯಾವ ಕಡೆ ಎಂದು ಹೇಳುವ ದನಿಯಲ್ಲೇ ಹೇಳಿದ. ಇನ್‌ಸ್ಪೆಕ್ಟರ್ ದಂಗಾಗಿ ನಿಂತರು. ಸತ್ಯ ಹೊರಡಿಸಲು ಅವರು ಗದರಿಸಿದ್ದುಂಟು, ಪುಸಲಾಯಿಸಿದ್ದುಂಟು, ಬೆಳಗಿನವರೆಗೆ ಎದುರು ಕೂತು ಕಾದದ್ದುಂಟು. ಕೇಳಿದ ಮಾತ್ರಕ್ಕೆ ಸತ್ಯ ಕೈಗೆ ಬಂದದ್ದು ಇದೇ ಮೊದಲು.

“ಮೊದಲೇ ಹೇಳಬಹುದಿತ್ತಲ್ರೀ?”

“ನೀವು ಘೋಷಣೆ ಕೋಣೆ ಎಲ್ಲಿ ಅಂತ ಕೇಳಿದ್ರಿ, ಹೇಳ್ದೆ. ಇದನ್ನ ಕೇಳಲಿಲ್ಲ. ಕೇಳ್ತೀರಾ ಅಂತ ದಿನಾ ಕಾಯ್ತಿದ್ದೆ ಮೇಡಂ. ಆ ಅಮ್ಮನ ಕೈ ಮುರಿದಿದ್ದು, ಮಗ ಸಿಗದೇ ಹೋಗಿದ್ದು, ಎಲ್ಲ ಕಿವಿಗೆ ಬಿತ್ತು. ನಾನಾಗೇ ಬಂದು ಹೇಳೋ ಧೈರ್ಯ ಬರಲಿಲ್ಲ.”

ಹಿಂದೆ ಇನ್ನೂ ಕೆಲವರು ನಿಂತಿದ್ದರು. ಅವರಿಗೆ ಉತ್ತರ ಕೊಟ್ಟು ಬರುತ್ತೇನೆ ಎಂದು ಕೇಳಿಕೊಂಡ. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಒಬ್ಬೊಬ್ಬರಿಗೂ ತಪ್ಪಿಲ್ಲದೆ ಹೇಳಿ ಕಳಿಸಿದ. ಆಮೇಲೆ ಕೌಂಟರ್ ಮುಚ್ಚಿದೆ ಎಂಬ ಹಲಗೆ ಇಟ್ಟು ಹೊರಗೆ ಬಂದ. ದಫೇದಾರ ಬಂಧನದ ಕಾರಣ ಓದಿ ಹೇಳಿದ, ಕೈಗೆ ಬೇಡಿ ಹಾಕಲಿಲ್ಲ.

ಅಜ್ಜಿ ಬೆಂಚಿನಿಂದ ಎದ್ದು ಬಂದಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮಗನ ಅಂಗಿ ತೋಳು ಹಿಡಿದು ಎಳೆದರು.

“ಯಾಕೋ ಸುಳ್ಳು ಹೇಳ್ದೆ? ಬಸ್ಸಲ್ಲಿ ಹೋಗ್ತಿದ್ನಲ್ಲೋ ನಾನು!”

ಕೇಳಿದ್ದಕ್ಕೆ ಉತ್ತರ ಕೊಡದೆ ಅವನು ನಿಂತದ್ದನ್ನು ನಿಲ್ದಾಣದವರು ಅಂದೇ ಮೊದಲ ಸಲ ಕಂಡದ್ದು.

ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಕಾರಣವಿತ್ತು. ಅವನು ಕೆಲಸಕ್ಕೆ ಸೇರಿದಾಗಿನಿಂದ ಸಂಜೆ ಮನೆಗೆ ಹೋದರೆ ತಾಯಿಯದು ಒಂದೇ ಪ್ರಶ್ನೆ: ಮೇಲೆ ಹೇಗಿರುತ್ತೆ? ಊರಿಗೆಲ್ಲ ಉತ್ತರ ಹೇಳುವವನಿಗೆ ಅದೊಂದು ಗೊತ್ತಿರಲಿಲ್ಲ. ಅವನೂ ವಿಮಾನ ಹತ್ತಿರಲಿಲ್ಲ. ತಾಯಿಯೇ ನೋಡಿ ಬರಲಿ, ತಂಗಿಯ ಮನೆಗೂ ಹೋದಂತಾಗುತ್ತದೆ ಎಂದು ಟಿಕೆಟ್ ಮಾಡಿಸಿದ್ದ. ತಾಯಿ ದಾರಿಯಲ್ಲಿ ಸಿಕ್ಕಿಬಿದ್ದಾಗ ಸ್ವಲ್ಪ ಹೊತ್ತು ಕಾಯಿರಿ ಎಂದು ಗೇಟಿನವರನ್ನು ಬೇಡಿದ್ದ. ಒಬ್ಬರಿಗಾಗಿ ಆಗುವುದಿಲ್ಲ ಎಂದಿದ್ದರು. ಅಷ್ಟು ವರ್ಷ ಬೇರೆಯವರ ತಾಯಂದಿರಿಗೆ ಅವನೇ ಹೇಳಿಕೊಂಡು ಬಂದ ಮಾತು ಅದು.

ಸಂಜೆ ಇನ್‌ಸ್ಪೆಕ್ಟರ್ ದರ್ಜಿಯಮ್ಮನ ಅಂಗಡಿಗೆ ಹೋದರು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಯಾರು, ಯಾಕೆ, ಎಲ್ಲ ಹೇಳಿದರು.

“ಆ ತಾಯಿ ಮೇಲೆ ಏನು ನೋಡಿದ್ರಂತೆ?” ಎಂದು ದರ್ಜಿಯಮ್ಮ ಕೊನೆಗೆ ಕೇಳಿದರು.

ಮೋಡ ಕೆಳಗಿದ್ದದ್ದನ್ನು, ಮೇಲೆಲ್ಲ ಬಿಸಿಲಿದ್ದದ್ದನ್ನು ಇನ್‌ಸ್ಪೆಕ್ಟರ್ ತಮಗೆ ಬಂದಂತೆ ಹೇಳಿದರು. ದರ್ಜಿಯಮ್ಮನ ಕಣ್ಣು ಅಗಲವಾಯಿತು, ಆಮೇಲೆ ತುಂಬಿತು. “ಕೇಸು ನಡೀಲಿ ಮೇಡಂ” ಎಂದರು. ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

“ನನ್ನ ಮಗನೂ ಕಡೇ ಗಳಿಗೆವರೆಗೂ ದಾರಿ ನೋಡಿದ್ನಂತೆ. ಹಡಗಿನ ಹಗ್ಗ ಬಿಚ್ಚೋದು ಅವನದೇ ಕೆಲಸ. ಹೊತ್ತಾಯ್ತು, ಬಿಚ್ಚಿದ.”