ಚೀಟಿ ಚುಚ್ಚದ ಕೌದಿ

"ರೀ! ಅಲ್ಲಿ ಮೇಲೆ ನಿಂತ್ಕೊಂಡು ಯಾರ ಫೋಟೋ ತೆಗೀತಿದ್ದೀರಾ?"

ಏಣಿಯ ಮೇಲಿದ್ದ ಫ್ಯಾನ್ ರಿಪೇರಿಯವನು ಬೆಚ್ಚಿಬಿದ್ದು ಮೊಬೈಲನ್ನು ಜೇಬಿಗೆ ತುರುಕಿದ.

"ಕೌ... ಕೌದಿದು ಮೇಡಂ! ಮೇಲಿಂದ ತುಂಬಾ ಚೆನ್ನಾಗಿ ಕಾಣ್ತಿದೆ..."

ನೆಲದ ತುಂಬ ಇನ್ನೂ ಹೊಲಿಯದೆ ಜೋಡಿಸಿಟ್ಟ ಬಟ್ಟೆಯ ಚೌಕಗಳು. ಕಡು ನೀಲಿಯಿಂದ ಶುರುವಾಗಿ, ಸಾಲು ಸಾಲಾಗಿ ತಿಳಿಯಾಗುತ್ತ ಬಿಳಿಗೆ ಬಂದು ನಿಲ್ಲುವ ಕೌದಿ ಅದು. ಒಂದೇ ಒಂದು ಚೌಕ ಆಚೀಚೆಯಾದರೂ ಮುಗಿಯಿತು. ನಡುವೆ ಕುಳಿತಿದ್ದ, ಕೌದಿ ಹೊಲಿಯುವ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು.

"ಕೌದಿಯಂತೆ! ಮೊದಲು ಇಳೀರಿ ಕೆಳಗೆ!"

ಪಾಪ, ಅವನು ಇಳಿದ. ಆದ ಕೆಲಸ ತೋರಿಸಿದರೆ ಬೈಗುಳ ಕಡಿಮೆಯಾದೀತೆಂದು ಸ್ವಿಚ್ ಒತ್ತಿದ.

ಫ್ಯಾನ್ ಬಹಳ ಚೆನ್ನಾಗಿಯೇ ರಿಪೇರಿಯಾಗಿತ್ತು! ಚೌಕಗಳು ದಿಕ್ಕಾಪಾಲಾಗಿ ಹಾರಿದವು. ಒಂದಂತೂ ಸೀದಾ ಮೂಲೆಯಲ್ಲಿ ಕುಳಿತಿದ್ದ ಅವಳ ಅಜ್ಜಿಯ ನೆತ್ತಿಯ ಮೇಲೆ ಕುಳಿತಿತು.

"ಫೋಟೋ ನೋಡ್ಕೊಂಡು ಜೋಡಿಸಿಕೊಡ್ತೀನಿ..."

"ಹೊರಗೆ ನಡೀರಿ!"

ಅವನು ಏಣಿ ಹೊತ್ತುಕೊಂಡು ಹೋದ ಮೇಲೆ ಅಜ್ಜಿ ಬಾಯಿ ತೆರೆದರು. "ಒಂದೊಂದಕ್ಕೂ ಸಾಲಿನ ನಂಬರ್ ಬರೆದ ಚೀಟಿ ಚುಚ್ಚೇ ಅಂತ ಬಡ್ಕೊಂಡೆ. ನೀನು ಎಲ್ಲಾ ತಲೇಲಿದೆ ಅಂದೆ. ಈಗ ತೆಗಿ ನೋಡೋಣ ತಲೆಯಿಂದ!"

ತಲೆಯಿಂದ ಏನೂ ಬರಲಿಲ್ಲ. ಸಂಜೆಯಾದರೂ ನೀಲಿ ಯಾವುದು, ಅದರ ಪಕ್ಕದ ನೀಲಿ ಯಾವುದು ತಿಳಿಯಲೊಲ್ಲದು. ಬೆಳಗಾದರೆ ಕೌದಿ ಹೇಳಿದ್ದ ಮದುವೆ ಮನೆಯವರು ಜೋಡಣೆ ನೋಡಲು ಬರುತ್ತಾರೆ!

ಅದಕ್ಕಿಂತ ಹೆಚ್ಚಾಗಿ ಅವನ ಬಾಡಿದ ಮುಖ ಕಾಡುತ್ತಿತ್ತು. 'ಇಷ್ಟು ದಿನ ಎಲ್ಲರೂ ಯಾವಾಗ ಕೊಡ್ತೀಯಾ ಅಂತ ಕೇಳಿದವರೇ. ಚೆನ್ನಾಗಿದೆ ಅಂದವನು ಅವನೊಬ್ಬ. ಅವನನ್ನೇ ಓಡಿಸಿದೆನಲ್ಲಾ...'

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಅಜ್ಜಿ ಫೋನು ಮುಂದೆ ಹಿಡಿದರು. "ಮಾಡು!"

ಅವನು ಓಡೋಡಿ ಬಂದ.

"ತಪ್ಪಾಯ್ತು. ಸುಮ್ಮಸುಮ್ಮನೆ ನಿಮ್ಮ ಮೇಲೆ ಅನುಮಾನಪಟ್ಟೆ," ಎಂದಳು ಅವಳು, ಕಣ್ಣು ತುಂಬಿಕೊಂಡು. "ಫೋಟೋ ತೋರಿಸ್ತೀರಾ?"

"ಅದು... ಬಾಯಲ್ಲೇ ಹೇಳ್ಲಾ?"

ಅಜ್ಜಿ ಮೊಬೈಲ್ ಕಿತ್ತುಕೊಂಡು ಕನ್ನಡಕ ಏರಿಸಿದರು. "ಅಲ್ಲಯ್ಯಾ! ಇದರಲ್ಲಿ ಕೌದಿ ಕಾಲುಭಾಗ ಇದೆ, ನಮ್ಮ ಹುಡುಗಿ ಮುಕ್ಕಾಲು ಭಾಗ ಇದ್ದಾಳೆ!"

"ಮೊದಲನೇದು ಕೌದಿದೇ ಅಜ್ಜಿ, ದೇವ್ರಾಣೆ! ಎರಡನೇದರಲ್ಲಿ ಕೈ ಜಾರ್ತು..."

"ಕೈ ಜಾರ್ತೋ, ಮನಸ್ಸು ಜಾರ್ತೋ?"

ಅವನು ಕಿವಿಯವರೆಗೂ ಕೆಂಪಾದ. ಅವಳಿಗೆ ಬೈಯಬೇಕೆನಿಸಿತು, ಆದರೆ ನಗು ಅಡ್ಡ ಬಂತು. ಬೆನ್ನು ತಿರುಗಿಸಿ ಚೀಟಿ ಬರೆಯಲು ಕುಳಿತಳು. ಅವನು ಮೊದಲನೆಯ ಫೋಟೋ ನೋಡಿ ಒಂದೊಂದೇ ಚೌಕ ಕೊಟ್ಟ, ಅವಳು ಚೀಟಿ ಚುಚ್ಚಿ ಸಾಲಿಗಿಟ್ಟಳು. ಬಿಳಿಯ ಸಾಲಿಗೆ ಬರುವಷ್ಟರಲ್ಲಿ ಅಜ್ಜಿ ಗೋಡೆಗೊರಗಿ ನಿದ್ದೆಯ ನಾಟಕ ಶುರುಮಾಡಿದ್ದರು.

"ಕೇಳದೆ ತೆಗೆದಿದ್ದು ತಪ್ಪೇ ರೀ," ಎಂದ ಅವನು ಮೆಲ್ಲಗೆ. "ಒಂದೊಂದು ಬಣ್ಣಾನೂ ಬೆಳಕಿಗೆ ಹಿಡಿದು, ನಿಮ್ಮಷ್ಟಕ್ಕೆ ನೀವೇ ಮಾತಾಡ್ಕೊಳ್ತಿದ್ರಲ್ಲಾ... ನೀವು ನಂಗೆ ಇಷ್ಟ ಆಗ್ಬಿಟ್ರಿ. ಅಳಿಸಿಬಿಡ್ಲಾ ಅದನ್ನ?"

"ಅಳಿಸಿ. ತಲೆಕೂದಲು ಹೇಗಿದೆ ನೋಡಿ!"

ಅವನ ಮುಖ ಸಪ್ಪಗಾಯಿತು.

"ಬಾಚ್ಕೊಂಡು ಬರ್ತೀನಿ. ಇನ್ನೊಂದು ತೆಗೆಯೋಣ."

"ನಿಮ್ಮೊಬ್ರದ್ದೇನಾ...?"

ಅವಳು ತಲೆ ತಗ್ಗಿಸಿದಳು.

"ಫೋನು ಅಜ್ಜಿ ಕೈಗೆ ಕೊಡಿ."