ದಿನಕ್ಕೊಂದು ಮುಷ್ಟಿ ಜಾಹೀರಾತು

"ಅಮ್ಮ ಹೇಗಿದ್ದಾರೆ?"

ಗೇಟಿನಾಚೆ ನಿಂತವನು ಕೇಳಿದ ಮೊದಲ ಮಾತೇ ಅದು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಬಸ್ಸಿನ ಧೂಳು ಮೆತ್ತಿದ ಅಂಗಿ, ಕಂಕುಳಲ್ಲಿ ಒಂದು ಪುಟ್ಟ ದಿಂಬು, ಇನ್ನೊಂದು ಕೈಯಲ್ಲಿ ಸಲಾಕ್ ಹಣ್ಣಿನ ಚೀಲ. ಕಾಯಿಲೆಯವರನ್ನು ನೋಡಲು ಬರುವವರು ಹೇಗೆ ಬರಬೇಕೋ ಹಾಗೇ ಬಂದಿದ್ದ.

ವೆನಿಂಗ್‌ಳ ಅಮ್ಮ ಸತ್ತು ಏಳು ತಿಂಗಳಾಗಿತ್ತು.

"ನಿದ್ದೆ ಮಾಡ್ತಿದ್ದಾರೆ," ಅಂದಳು ವೆನಿಂಗ್.

ಹೇಳಿದ್ದು ನಾನೇನಾ...? ಈ ಏಳು ತಿಂಗಳಲ್ಲಿ ಅವಳಿಗೆ ಏನೂ ಆಗುತ್ತಲೇ ಇರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅನ್ನುವುದೂ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಅವನು ಥಟ್ಟನೆ ದನಿ ಇಳಿಸಿದ. "ಹಾಗಾದ್ರೆ ಎಬ್ಬಿಸ್ಬೇಡಿ. ನಾನು ಜತ್ಮಿಕೊ. ಪಾತಿಯಿಂದ ಬಂದೆ. ಅಮ್ಮನ ಹಿಮ್ಮಡಿ ಹುಣ್ಣಾಗಿದೆ ಅಂತ ಬರೆದಿದ್ರಲ್ಲ... ಅದಕ್ಕೆ ಇದನ್ನ ಹೊಲಿದೆ."

ಬೂರುಗದ ಹತ್ತಿಯ ದಿಂಬು, ನಡುವೆ ಹಿಮ್ಮಡಿ ಕೂರುವಷ್ಟು ತಗ್ಗು. ಪಾತಿಯಲ್ಲಿ ಅವನದು ಹಾಸಿಗೆ ಹೊಲಿಯುವ ಕಾರ್ಖಾನೆಯಂತೆ. ಅಪ್ಪ ಲಕ್ವ ಹೊಡೆದು ಮಲಗಿದ್ದಾರಂತೆ, ಮಾತೂ ನಿಂತಿದೆಯಂತೆ. ಹೇಗೆ ಉಣಿಸಬೇಕು, ಹೇಗೆ ಎತ್ತಬೇಕು, ಎಲ್ಲ ಕಲಿತದ್ದು ವೆನಿಂಗ್‌ಳ ಬ್ಲಾಗು ಓದಿಯೇ ಅಂತೆ. ಅಮ್ಮನ ಆರೈಕೆಯನ್ನು ಅವಳು ದಿನದಿನ ಬರೆಯುತ್ತಿದ್ದುದು ಅದರಲ್ಲೇ, ಮನೆಯ ವಿಳಾಸ ಸಿಕ್ಕಿದ್ದೂ ಅಲ್ಲೇ ಅಂತೆ. ಇಷ್ಟನ್ನೂ ಅವನು ಪಿಸುಮಾತಲ್ಲೇ ಹೇಳಿದ. ವೆನಿಂಗ್ ಜಗಲಿಯಲ್ಲಿ ಕೂರಿಸಿ ಸಕ್ಕರೆ ಸುರಿದ ಮಲ್ಲಿಗೆ ಚಹಾ ಕೊಟ್ಟಳು. ಒಂಟಿ ಹೆಣ್ಣಿನ ಮನೆಯೊಳಗೆ ಕಾಲಿಡುವವನಲ್ಲ ಅವನು. ಅದೊಂದು ಬಚಾವಾಯಿತು.

ಅವನು ಹೋದ ಮೇಲೆ ದಿಂಬನ್ನು ಅಮ್ಮನ ಖಾಲಿ ಮಂಚದ ಮೇಲಿಟ್ಟು ಬಾಗಿಲು ಎಳೆದುಕೊಂಡಳು.

ಸಲಾತಿಗಾ ಊರಿನ ಆ ಗಲ್ಲಿಯಲ್ಲಿ ಎಲ್ಲರಿಗೂ ಅಮ್ಮ ಸತ್ತದ್ದು ಗೊತ್ತು. ಗೊತ್ತಿಲ್ಲದಿದ್ದುದು ಬ್ಲಾಗು ಓದುವವರಿಗೆ ಮಾತ್ರ.

ಸುಳ್ಳು ಹೇಳಬೇಕೆಂದು ಅವಳು ಕೂತು ಯೋಚಿಸಿದ್ದಲ್ಲ. ಬ್ಲಾಗು ನಡೆಸುವವರು ವಾರಕ್ಕಾಗುವಷ್ಟನ್ನು ಮೊದಲೇ ಬರೆದು, ಇಂಥ ದಿನ ಇಂಥದ್ದು ಅಂತ ಗಡಿಯಾರಕ್ಕೆ ಒಪ್ಪಿಸಿಬಿಡುತ್ತಾರೆ. ಮೇ ತಿಂಗಳಲ್ಲಿ ಅಮ್ಮನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನವೂ ಬರಹ ತನ್ನ ಪಾಡಿಗೆ ತಾನು ಹೊರಟಿತ್ತು. 'ಇವತ್ತು ಅಮ್ಮ ಎರಡು ಚಮಚ ಗಂಜಿ ಹೆಚ್ಚಿಗೆ ಕುಡಿದಳು.' ನೂರಾರು ಜನ ಹರಸಿದ್ದರು. ಅವರಿಗೆ ಏನಂತ ಬರೆಯುವುದು? ಮಾರನೆಯ ದಿನ ಮತ್ತೊಂದು ಹೋಯಿತು. ಬರೆದಿಟ್ಟದ್ದೆಲ್ಲ ಮುಗಿದಾಗ ವೆನಿಂಗ್ ಹೊಸದಾಗಿ ಬರೆದಳು. ಬರೆಯುವ ಹೊತ್ತಿಗೆ ಅಮ್ಮ ಒಳಕೋಣೆಯಲ್ಲಿ ಇದ್ದೇ ಇರುತ್ತಿದ್ದಳು...

ಹೊಟ್ಟೆಪಾಡೂ ಇತ್ತು, ಅದನ್ನೇಕೆ ಮುಚ್ಚಿಡಬೇಕು. ಅಮ್ಮನಿಗಾಗಿ ಬಟ್ಟೆ ಅಂಗಡಿಯ ಕೆಲಸ ಬಿಟ್ಟವಳಿಗೆ ಬ್ಲಾಗಿನ ದುಡಿಮೆ ಒಂದೊಂದಾಗಿ ಒಲಿದಿತ್ತು. ಮೊದಲು ಪುಟದ ಅಂಚಿನ ಜಾಹೀರಾತು. ಆಮೇಲೆ, ಅವಳು ತೋರಿಸಿದ ಕೊಂಡಿ ಹಿಡಿದು ಯಾರಾದರೂ ಗಾಳಿ ಹಾಸಿಗೆ ಕೊಂಡರೆ ಅದರಲ್ಲೊಂದು ಪಾಲು. ಕೊನೆಗೆ, ದೊಡ್ಡವರ ಡೈಪರ್ ಮಾಡುವ ಒಂದು ಕಂಪನಿ, 'ನಮ್ಮಮ್ಮ ಇದನ್ನೇ ಬಳಸುವುದು' ಅಂತ ಬರೆದುದಕ್ಕೆ ತಿಂಗಳು ತಿಂಗಳು ಕೊಡುತ್ತಿತ್ತು. ಅಮ್ಮ ಸತ್ತಳು ಅಂತ ಒಂದು ಸಾಲು ಬರೆದರೆ ಮೂರೂ ಬಾಗಿಲು ಮುಚ್ಚಿದಂತೆಯೇ.

ಆಗಸ್ಟಿನಲ್ಲಿ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. 'ಒಂದೂವರೆ ವರ್ಷದ ಮೇಲೆ ಇವತ್ತು ಅಮ್ಮ ಮಾತಾಡಿದಳು. ನೀರು ಅಂದಳು.'

ಅಷ್ಟು ಜನ ಓದಿದ ಬರಹ ಮತ್ತೊಂದಿರಲಿಲ್ಲ.

ಜತ್ಮಿಕೊ ಮತ್ತೆ ಬಂದ. ಎರಡು ವಾರಕ್ಕೊಮ್ಮೆ ಸಲಾತಿಗಾದ ಅಂಗಡಿಗಳಿಗೆ ಹಾಸಿಗೆ ಇಳಿಸಲು ಬರುವವನು, ಕೆಲಸ ಮುಗಿಸಿ ಜಗಲಿಗೆ ಬಂದು ಕೂರುತ್ತಿದ್ದ. ದನಿ ಮಾತ್ರ ಯಾವತ್ತೂ ಎತ್ತಲಿಲ್ಲ, ಒಳಗೆ ಮಲಗಿದವರಿಗೆ ಎಚ್ಚರವಾದೀತು ಅಂತ. ಪಕ್ಕದ ಮನೆಯ ಹಿರಿಯಾಕೆ ಬು ತುಗಿನೆಮ್ ಬೇಲಿ ಮೇಲಿಂದ ಇಣುಕಿ, ಇದೇನಮ್ಮ ಇವನು ಮದುವೆ ಮಾತನ್ನೂ ಹೀಗೇ ಪಿಸುಗುಡ್ತಾನಾ ಅಂತ ಕಿಚಾಯಿಸುತ್ತಿದ್ದಳು.

ಒಂದು ಸಲ ಅವನು, ಈ ಬ್ಲಾಗಿನಿಂದ ನಿಜವಾಗಿಯೂ ಊಟಕ್ಕಾಗುತ್ತಾ ಅಂತ ಸಂಕೋಚದಿಂದ ಕೇಳಿದ. ಯಾರಾದರೂ ಜಾಹೀರಾತು ಒತ್ತಿದರೆ ನಾಲ್ಕು ಕಾಸು ಬರುತ್ತೆ ಮಾಸ್, ಅಂದಳು ವೆನಿಂಗ್, ಗಂಡಸರನ್ನು ಮರ್ಯಾದೆಯಿಂದ ಕರೆಯುವ ಅಲ್ಲಿನ ರೀತಿಯಲ್ಲಿ. ಅವನು ತಲೆಯಾಡಿಸಿದ. ಮುಖದಲ್ಲಿ ಏನೋ ಬೆಳಗಿದಂತಾಯಿತು. ಏನೆಂದು ಅವಳು ಕೇಳಲಿಲ್ಲ.

ಇವನು ಬರುವ ದಿನ ನಾನು ಬೆಳಗ್ಗೆಯೇ ಜಗಲಿ ಗುಡಿಸ್ತೀನಲ್ಲ, ಯಾಕೆ? ಪ್ರಶ್ನೆ ಬರುತ್ತಿತ್ತು, ಹೋಗುತ್ತಿತ್ತು. ಉತ್ತರ ಹುಡುಕುವಷ್ಟು ಜೀವ ಅವಳಲ್ಲಿರಲಿಲ್ಲ.

ಮಾರ್ಚ್ ಕೊನೆಗೆ ಜಾಹೀರಾತಿನವರ ಪತ್ರ ಬಂತು. ಲೆಕ್ಕವಿಲ್ಲದಷ್ಟು ಸುಳ್ಳು ಒತ್ತುಗಳು ಬಿದ್ದಿರುವುದರಿಂದ ನಿಮ್ಮ ಖಾತೆ ಮುಚ್ಚಲಾಗಿದೆ, ಮತ್ತೆ ತೆರೆಯುವುದಿಲ್ಲ.

ವೆನಿಂಗ್ ಎರಡು ಸಲ ಓದಿದಳು. ಎದ್ದು ಹೋಗಿ ಪಾತ್ರೆ ತೊಳೆದಳು.

ಮರುದಿನ ಜತ್ಮಿಕೊ ಬಂದಾಗ, ಬೇರೆ ಯಾರದೋ ಮನೆಯ ಸುದ್ದಿಯಂತೆ ಅದನ್ನು ಹೇಳಿದಳು. ಓದುವವರ ಲೆಕ್ಕ ತೆಗೆದು ನೋಡಿದ್ದಳು. ಯಾರೋ ಬೇಕಂತಲೇ ಮಾಡಿದ್ದು. ಎಲ್ಲಾ ಒಂದೇ ಕಡೆಯಿಂದ, ದಿನಾ ಬೆಳಗ್ಗೆ ಏಳು ಗಂಟೆಗೆ.

ಅವನ ಕೈಯ ಲೋಟ ಅಲ್ಲೇ ನಿಂತಿತು.

"ಏಳು ಗಂಟೆಗಾ?"

"ಹೂಂ."

"ವೆನಿಂಗ್... ಅದು ನಾವೇ."

ಅವಳಿಗೆ ಅರ್ಥವಾಗಲಿಲ್ಲ.

ಅವನು ತಡವರಿಸುತ್ತಾ ಹೇಳಿದ. ಅವರ ಬೀದಿಯಲ್ಲಿ ಪ್ರತಿ ಮನೆಯವರೂ ದಿನಕ್ಕೊಂದು ಮುಷ್ಟಿ ಅಕ್ಕಿ ಬಾಗಿಲ ಹೊರಗಿನ ಡಬ್ಬಿಯಲ್ಲಿ ಹಾಕಿಡುತ್ತಾರೆ, ಕಷ್ಟದಲ್ಲಿರುವವರ ಮನೆಗೆ ಅದು ಹೋಗುತ್ತದೆ. ಯಾರಿಗೂ ಭಾರವಿಲ್ಲ, ಒಂದು ಮನೆ ನಡೆಯುತ್ತದೆ. ಇದೂ ಹಾಗೇ ಅಂದುಕೊಂಡನಂತೆ. ಕಾರ್ಖಾನೆಯ ಏಳು ಹೆಂಗಸರನ್ನೂ ಕೂರಿಸಿ, ಕೆಲಸ ಶುರುವಾಗುವ ಮುಂಚೆ ಮಲಗಿರೋ ಆ ತಾಯಿಗೆ ಒಂದೊಂದು ಮುಷ್ಟಿ ಹಾಕಿ ಅಂದಿದ್ದನಂತೆ. ಅವರು ದೇವರ ಹೆಸರು ಹೇಳಿ, ಪುಟದಲ್ಲಿದ್ದ ಜಾಹೀರಾತುಗಳನ್ನೆಲ್ಲ ಒಂದೂ ಬಿಡದೆ ಒತ್ತುತ್ತಿದ್ದರಂತೆ. ಮೂರು ತಿಂಗಳು.

ವೆನಿಂಗ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೂರುಗದ ಹತ್ತಿ ಅಂಟಿದ ಏಳು ಹೆಬ್ಬೆರಳುಗಳು ಮಾತ್ರ ಕಣ್ಣ ಮುಂದೆ ಬಂದವು. ಸತ್ತವಳಿಗಾಗಿ ಏಳು ಜನ...

ಜತ್ಮಿಕೊ ಎದ್ದು ನಿಂತ. ಚಪ್ಪಲಿ ಬಿಟ್ಟು ಬಾಗಿಲ ಕಡೆ ಹೊರಟ.

"ಒಂದೇ ಒಂದು ಸಲ ಒಳಗೆ ಬಿಡಿ. ಅವರ ಅನ್ನ ಕಿತ್ಕೊಂಡಿದೀನಿ ನಾನು. ಮಂಡಿಯೂರಿ ಕ್ಷಮೆ ಕೇಳ್ದೆ ಹೋದ್ರೆ ನನಗೆ ಊಟ ಇಳಿಯಲ್ಲ."

"ಒಳಗೆ ಯಾರೂ ಇಲ್ಲ," ಅಂದಳು ವೆನಿಂಗ್.

ಅವನು ತಿರುಗಿದ.

"ಅಮ್ಮ ಸತ್ತು ಹತ್ತು ತಿಂಗಳಾಯ್ತು, ಮಾಸ್."

ಬೇಲಿಯಾಚೆ ಬು ತುಗಿನೆಮ್ ಬಟ್ಟೆ ಒಣಹಾಕುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಆಗಸ್ಟಲ್ಲಿ... ನೀರು ಅಂದಿದ್ದು?"

"ನಾನೇ ಬರೆದಿದ್ದು."

"ಅದನ್ನ ನಾನು ಅಪ್ಪನಿಗೆ ದಿನಾ ಓದಿ ಹೇಳ್ತೀನಿ!" ಆ ಜಗಲಿಯಲ್ಲಿ ಅವನ ನಿಜವಾದ ದನಿ ಕೇಳಿದ್ದು ಅದೇ ಮೊದಲು. "ಆಯಮ್ಮ ಮಾತಾಡಿದ್ರು, ನೀವೂ ಮಾತಾಡ್ತೀರಿ, ಇನ್ನೊಂದ್ಸಲ ಪ್ರಯತ್ನ ಮಾಡಿ ಅಂತ... ದಿನಾ..."

ಅವನು ಚಪ್ಪಲಿ ಮೆಟ್ಟಿಕೊಂಡ, ಗೇಟು ತೆಗೆದ, ಹೋದ. ಅರ್ಧ ಉಳಿದ ಚಹಾವನ್ನು ವೆನಿಂಗ್ ಗಿಡಕ್ಕೆ ಸುರಿದಳು.

ಅವತ್ತು ಸಂಜೆ ಅವಳು ಬರೆದಳು. ಗಡಿಯಾರಕ್ಕೆ ಒಪ್ಪಿಸಲಿಲ್ಲ, ಆಗಲೇ ಕಳಿಸಿದಳು. ಅಮ್ಮ ತೀರಿಕೊಂಡ ದಿನ ಇಂಥದ್ದು. ಆಮೇಲಿನ ಬರಹಗಳೆಲ್ಲ ನನ್ನ ಕಲ್ಪನೆ. ಅಮ್ಮ ನೀರು ಅನ್ನಲಿಲ್ಲ. ಡೈಪರ್ ಕಂಪನಿಯ ದುಡ್ಡನ್ನು ನಾನು ಹತ್ತು ತಿಂಗಳು ಸುಳ್ಳು ಹೇಳಿ ತಗೊಂಡೆ. ಇಷ್ಟೇ.

ಕಂಪನಿಯವರು ಮರುದಿನವೇ ಕೈಬಿಟ್ಟರು. ಕೆಳಗೆ ಜನ ಬಾಯಿಗೆ ಬಂದಂತೆ ಬೈದರು. ಹೆಣದ ಮೇಲೆ ದುಡ್ಡು ಮಾಡಿದವಳು ಅಂತಲೂ ಒಬ್ಬರು ಬರೆದರು. ಇನ್ನೊಬ್ಬಾಕೆ ಬರೆದದ್ದು ಬೇರೆ. ನಿನ್ನ ಮಾತು ಕೇಳಿ ನನ್ನ ಗಂಡನ ಬೆನ್ನಿನ ಹುಣ್ಣು ಮಾಯ್ತು, ಆ ಹುಣ್ಣು ಸುಳ್ಳಲ್ಲ, ಮಾಯ್ದದ್ದೂ ಸುಳ್ಳಲ್ಲ.

ವೆನಿಂಗ್ ಎರಡನ್ನೂ ಒಂದೇ ಮುಖದಲ್ಲಿ ಓದಿದಳು.

ಬು ತುಗಿನೆಮ್ ಕಡಲೆಕಾಯಿ ಮಿಠಾಯಿ ಸುತ್ತುವ ಕೆಲಸ ಕೊಡಿಸಿದಳು. ಬೆಳಗ್ಗೆ ಹೋಗುವುದು, ಕಾಗದ ಸುತ್ತುವುದು, ಬರುವುದು. ಎರಡು ವಾರವಾಯಿತು, ನಾಲ್ಕು, ಆರು. ಗೇಟಿನಲ್ಲಿ ಯಾರೂ ನಿಲ್ಲಲಿಲ್ಲ. ಅವಳು ಮಾತ್ರ ಜಗಲಿ ಗುಡಿಸುತ್ತಲೇ ಇದ್ದಳು.

ಬೈಗುಳ ಅವಳನ್ನು ಮುಟ್ಟಲಿಲ್ಲ, ಬರಿಗೈಯೂ ಮುಟ್ಟಲಿಲ್ಲ. ಒಂದೇ ಒಂದು ಯೋಚನೆ ಮಾತ್ರ ಮಿಠಾಯಿ ಸುತ್ತುವ ಬೆರಳನ್ನು ನಡುವೆ ನಿಲ್ಲಿಸುತ್ತಿತ್ತು. ಕಂಡಿಲ್ಲದ ಒಬ್ಬ ಮುದುಕ, ಎಲ್ಲೋ ಒಂದು ಹಾಸಿಗೆಯಲ್ಲಿ, ನಾನು ಹುಟ್ಟಿಸಿದ ಆ ಪದಕ್ಕಾಗಿ ಇನ್ನೂ ಹೆಣಗ್ತಿದ್ದಾನಾ...?

ಒಂದು ಶುಕ್ರವಾರ ರಜೆ ಹಾಕಿ, ಬೆಳಗಿನ ಮೊದಲ ಬಸ್ಸಿಗೇ ಪಾತಿಗೆ ಹೊರಟಳು.

ಕಾರ್ಖಾನೆಯೆಂದರೆ ಮನೆಗೆ ಅಂಟಿದ ಒಂದು ದೊಡ್ಡ ಕೊಟ್ಟಿಗೆ. ಒಳಗೆಲ್ಲ ಹತ್ತಿ ಹಾರಾಡುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಇವಳನ್ನು ನೋಡಿ ಕೈ ನಿಲ್ಲಿಸಿದರು. ಹೆಸರು ಹೇಳಬೇಕಾಗಲಿಲ್ಲ.

"ನೀನೇನಾ ಆ ಹುಡುಗಿ?" ಅವರಲ್ಲಿ ಹಿರಿಯಳಾದ ಬು ಸಾರ್ನಿ ಮೂಗಿನ ಬಟ್ಟೆ ಕೆಳಗೆಳೆದಳು. "ನಿಮ್ಮಮ್ಮನ ಹೆಸರಲ್ಲಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ಸವೆದು ಹೋಯ್ತು ಕಣೇ."

"ತಪ್ಪಾಯ್ತು."

"ಆಗಿದ್ದು ಆಯ್ತು. ಸತ್ತೋರಿಗೆ ಪ್ರಾರ್ಥನೆ ಮಾಡಿದ್ರೆ ಪಾಪ ಏನಿಲ್ಲ ಬಿಡು. ಒಳಗಿದ್ದಾರೆ ಹೋಗು. ಉಣ್ದೆ ಮಾತ್ರ ಹೋಗ್ಬೇಡ."

ಮುದುಕರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಜತ್ಮಿಕೊ ಬಾಗಿಲಲ್ಲಿ ಬಂದು ನಿಂತ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಪ್ಪನಿಗೆ ನಿಜ ಹೇಳುವ ಧೈರ್ಯ ತನಗೆ ಇನ್ನೂ ಬಂದಿಲ್ಲ ಅಂತಷ್ಟೇ ಮೆಲ್ಲಗೆ ಹೇಳಿದ.

ವೆನಿಂಗ್ ಮಂಚದ ಪಕ್ಕ ಮಂಡಿಯೂರಿ ಕೂತಳು.

"ಅಪ್ಪಾ, ನಿಮ್ಮ ಮಗ ಓದಿ ಹೇಳ್ತಿದ್ದ ಬರಹ ನನ್ನದು. ಅದು ಸುಳ್ಳು. ನಮ್ಮಮ್ಮ ಮಾತಾಡಲಿಲ್ಲ. ಕೊನೇವರೆಗೂ ಒಂದು ಮಾತೂ ಆಡಲಿಲ್ಲ. ನಿಮಗೆ ಮಾತು ಬರ್ಲಿಲ್ಲ ಅಂದ್ರೆ ಅದು ನಿಮ್ಮ ತಪ್ಪಲ್ಲ. ನೀವು ಸೋಮಾರಿತನ ಮಾಡಿಲ್ಲ. ನಿಮಗಿಂತ ಮುಂಚೆ ಯಾರೂ ಗೆದ್ದಿಲ್ಲ ಅಪ್ಪಾ."

ಮುದುಕರ ಮುಖ ನಿಧಾನವಾಗಿ ಇತ್ತ ತಿರುಗಿತು. ತುಂಬ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಒಂದು ದೀರ್ಘ ಉಸಿರು ಬಿಟ್ಟರು. ಎಷ್ಟೋ ತಿಂಗಳಿಂದ ಹೊತ್ತದ್ದನ್ನು ಕೆಳಗಿಟ್ಟವರಂತೆ ಅವರ ಮುಖ ಸಡಿಲವಾಯಿತು, ಕಣ್ಣಂಚಿನಿಂದ ನೀರಿಳಿಯಿತು. ಸ್ವಾಧೀನವಿದ್ದ ಎಡಗೈ ತಡಕಾಡಿ ಬಂದು ಅವಳ ತಲೆಯ ಮೇಲೆ ಕೂತಿತು.

ಗೋಡೆಯ ಗಡಿಯಾರ ಎರಡು ಹೊಡೆಯಿತು.

"ಮಗ್ಗುಲು ಬದಲಿಸೋ ಹೊತ್ತು," ಅಂದ ಜತ್ಮಿಕೊ.

ಯಾರೂ ಕೇಳದೆಯೇ ವೆನಿಂಗ್ ಎದ್ದಳು. ಅವನು ಸೊಂಟ ಹಿಡಿದ, ಅವಳು ಭುಜದ ಕೆಳಗೆ ತೋಳು ತೂರಿಸಿದಳು. ಒಂದು ವರ್ಷದ ಮೇಲೆ ಅವಳ ತೋಳಿಗೆ ಒಂದು ಮೈಯ ಭಾರ ಬಿತ್ತು. ಬೆಚ್ಚಗಿನ ಭಾರ. ಅಮ್ಮನದೂ ಇಷ್ಟೇ ಇತ್ತು... ಅವರನ್ನು ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಹೊದಿಕೆ ಸರಿಮಾಡುವವರೆಗೂ ತಡೆದಳು. ಆಮೇಲೆ ಹಿತ್ತಿಲ ಬಾಗಿಲು ದಾಟಿ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಮಣ್ಣು ಮಾಡಿದ ದಿನ ಅಳದಿದ್ದುದನ್ನೆಲ್ಲ ಅವತ್ತು ಅತ್ತಳು.

ಜತ್ಮಿಕೊ ಬಂದು ಅದೇ ಮೆಟ್ಟಿಲ ಆ ತುದಿಯಲ್ಲಿ ಕೂತ. ಅಳು ನಿಲ್ಲುವವರೆಗೂ ಕಾದ.

"ನಾನೂ ಒಂದು ಸುಳ್ಳು ಹೇಳಿದೀನಿ," ಅಂದ ಕೊನೆಗೆ. "ಇವರಿಗೆಲ್ಲ ಆ ತಾಯಿಗೋಸ್ಕರ ಒತ್ತಿ ಅಂತ ಹೇಳ್ದೆ. ನಾನು ಮಾತ್ರ ಒತ್ತಿದ್ದು ಮಗಳಿಗೋಸ್ಕರ."

ವೆನಿಂಗ್ ಕೆನ್ನೆ ಒರೆಸಿಕೊಂಡಳು. "ಗೇಟಲ್ಲಿ ನನ್ನನ್ನ ನೋಡಿದ ಮೇಲಾ?"

"ನೋಡೋಕೆ ಮುಂಚೇನೇ. ಬರಹ ಓದಿ."

"ಆ ಬರಹದಲ್ಲಿ ಸುಳ್ಳಿತ್ತಲ್ಲ, ಮಾಸ್."

"ಸುಳ್ಳು ಶುರುವಾಗಿದ್ದು ಹೋದ ವರ್ಷ ಮೇ ತಿಂಗಳಿಂದ." ಅವನು ನೆಲ ನೋಡುತ್ತಲೇ ಹೇಳಿದ. "ನಾನು ಓದೋಕೆ ಶುರು ಮಾಡಿದ್ದು ಅದಕ್ಕೂ ಮುಂಚೆ, ಫೆಬ್ರವರಿಯಿಂದ. ಈ ಆರು ವಾರ ಅದನ್ನೇ ಮತ್ತೆ ಮತ್ತೆ ಓದ್ದೆ. ನನಗಾಗಿದ್ದೆಲ್ಲ ಆ ಮೂರು ತಿಂಗಳಲ್ಲೇ ಆಗಿಹೋಗಿತ್ತು."

ವೆನಿಂಗ್‌ಗೆ ಎದೆಯೊಳಗೆ ಎಲ್ಲೋ ನೋಯುತ್ತಿತ್ತು. ನೋವು ಅಂತ ಗೊತ್ತಾಗುತ್ತಿರುವುದೇ ಅವಳಿಗೆ ದೊಡ್ಡದಾಗಿತ್ತು. ಕೊಟ್ಟಿಗೆಯಿಂದ ಬು ಸಾರ್ನಿ ಊಟಕ್ಕೆ ಕೂಗುತ್ತಿದ್ದಳು.

"ಅಪ್ಪನನ್ನ ಮತ್ತೆ ಯಾವಾಗ ಹೊರಳಿಸ್ಬೇಕು?" ಕೇಳಿದಳು.

"ನಾಲ್ಕಕ್ಕೆ. ನಿಮ್ಮ ಕೊನೇ ಬಸ್ಸು ಮೂರೂವರೆಗೆ."

"ಗೊತ್ತು," ಅಂದಳು ವೆನಿಂಗ್. "ಬು ಸಾರ್ನಿ ಮನೇಲಿ ಇವತ್ತು ಮಲ್ಕೊಳ್ಳೋಕೆ ಜಾಗ ಇದೆಯಾ, ಕೇಳ್ತೀಯಾ?"