ಬರಿಗಾಲಿನ ಹರಕೆ

"ನೀವು ಇಷ್ಟು ಚೆಂದದ ಚಪ್ಪಲಿ ಹಾಕ್ಕೊಂಡೀರಿ, ನಿಮ್ಮ ಅವ್ವ ಬರಿಗಾಲಾಗ ಬಂದಾರ. ನಾಚಿಕಿ ಆಗಂಗಿಲ್ಲೇನ್ರಿ?"

ಡಾಕ್ಟರ್ ವಿಜಯಕುಮಾರ್ ನನ್ನೊಂದಿಗೆ ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಕುಂದ್ರಿ ಅನ್ನಲಿಲ್ಲ. ಚಿತ್ತವಾಡ್ಗಿಯಲ್ಲಿದ್ದ ಅವರ ಕ್ಲಿನಿಕ್ಕಿಗೆ ಕಂಪ್ಲಿಯಿಂದ ಅವ್ವನನ್ನು ಕಾಡಿ ಬೇಡಿ ಕರೆತಂದಿದ್ದೆ. ನನ್ನ ಮೈಯೆಲ್ಲ ಉರಿದುಹೋಯಿತು.

"ನಾಚಿಕಿ ನನಗ್ಯಾಕ್ರಿ? ಅವ್ವನ್ನ ಕೇಳ್ರಿ. ನನ್ನ ಮದುವಿ ನಿಶ್ಚಯ ಆಗೋ ತನಕ ಕಾಲಿಗೆ ಚಪ್ಪಲಿ ಹಾಕಂಗಿಲ್ಲ ಅಂತ ಕೊಟ್ಟೂರಯ್ಯಗ ಹರಕಿ ಹೊತ್ತಾಳ. ನಾ ಕೊಡಿಸಿದ ಚಪ್ಪಲಿ ಎಲ್ಲಾ ಮಂಚದ ಕೆಳಗ ಬಿದ್ದಾವ. ಗೊತ್ತಿಲ್ಲದ ಬೈಬ್ಯಾಡ್ರಿ!"

ಅವರು ತಲೆ ಎತ್ತಿ ನೋಡಿದರು. ದಪ್ಪ ಹುಬ್ಬು, ನಿದ್ದೆಗೆಟ್ಟ ಕಣ್ಣು, ಮೇಲಿನ ಗುಂಡಿ ಕಿತ್ತುಹೋದ ಬಿಳಿ ಕೋಟು. "ತಪ್ಪಾತು" ಎಂದರು. ಅಷ್ಟಕ್ಕೇ ನನ್ನ ಸಿಟ್ಟು ಅರ್ಧ ಇಳಿಯಿತು. ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಮ್ಮದು ಕಂಪ್ಲಿಯಲ್ಲಿ ರೈಸ್ ಮಿಲ್ಲು. ಅಪ್ಪ ತೀರಿಕೊಂಡ ಮೇಲೆ ಆಫೀಸು ನನ್ನದು, ಕಣ ಅವ್ವನದು. ಬೇಯಿಸಿದ ಭತ್ತವನ್ನು ಸಿಮೆಂಟಿನ ಕಣದ ಮೇಲೆ ಹರವಿ, ಕಾಲಿನಲ್ಲೇ ಸಾಲು ಎಳೆದು ತಿರುವಿ ಹಾಕುವುದು ನಮ್ಮಲ್ಲಿಯ ಪದ್ಧತಿ. ನಮ್ಮವ್ವ ಕೊಟ್ರಬಸಮ್ಮ ಒಡತಿಯಾದರೂ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಬೇಸಿಗೆಯಲ್ಲಿ ಆ ಸಿಮೆಂಟು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಅವ್ವನಿಗೆ ಹಳೆಯ ಸಕ್ಕರೆ ಕಾಯಿಲೆ. ಅಂಗಾಲು ಸುಟ್ಟು ಬೊಬ್ಬೆ ಎದ್ದಿತು, ಒಡೆಯಿತು, ಕೀವಾಯಿತು. ಅವಳು ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ಮತ್ತೆ ಕಣಕ್ಕಿಳಿದಳು.

"ನೋವಾ ಇಲ್ಲಪ್ಪ. ಇಕಿ ಸುಮ್ನ ಗಾಬರಿ ಬೀಳ್ತಾಳ" ಎಂದಳು ಡಾಕ್ಟರಿಗೆ.

"ನೋವಿಲ್ಲ ಅನ್ನೋದಾ ರೋಗ ಅವ್ವಾರ. ಕಣ್ಣು ಮುಚ್ಚಿಕೊಳ್ರಿ. ದಾರ ತಾಕಿದ ಕೂಡಲೇ ಹೂಂ ಅನ್ರಿ."

ಬಲೆಯ ಎಳೆಯಂಥ ಒಂದು ಪ್ಲಾಸ್ಟಿಕ್ ದಾರವನ್ನು ಅವರು ಅಂಗಾಲಿನ ಉದ್ದಕ್ಕೂ ಮುಟ್ಟಿಸುತ್ತಾ ಹೋದರು. ಅವ್ವ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು. "ಶುರು ಮಾಡಪ್ಪ" ಎಂದಳು ಕೊನೆಗೆ.

"ಈಗ ನೀವು ಚಪ್ಪಲಿ ಬಿಡ್ರಿ" ಎಂದರು ನನಗೆ. "ಚೊಲೋ ಇರೋ ಕಾಲು ಹೆಂಗಿರತೈತಿ ಅಂತ ಅವ್ವ ನೋಡ್ಲಿ."

ದಾರ ಹೆಬ್ಬೆರಳಿಗೆ ಸೋಕಿದ್ದೇ ತಡ, ನಾನು ಸ್ಟೂಲಿನಿಂದ ಹಾರಿಬಿದ್ದೆ. ಅವ್ವ ನಕ್ಕಳು. ಡಾಕ್ಟರು ನಗಲಿಲ್ಲ, ಆದರೆ ತುಟಿಯ ಒಂದು ತುದಿ ಮೇಲೆ ಹೋಗಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಆಮೇಲೆ ಡ್ರೆಸ್ಸಿಂಗಿಗೆ ಓಡಾಟ ಶುರುವಾಯಿತು. ಸತ್ತ ಮಾಂಸ ಕೆತ್ತಿ ತೆಗೆದರು, ಕೀವನ್ನು ಲ್ಯಾಬಿಗೆ ಕಳಿಸಿ ಅದಕ್ಕೆ ತಕ್ಕ ಮಾತ್ರೆ ಕೊಟ್ಟರು, ಇನ್ಸುಲಿನ್ ಶುರು ಮಾಡಿದರು. ಗಾಯದ ಮೇಲೆ ಭಾರ ಬೀಳದ ಹಾಗೆ ಮೆತ್ತನೆಯ ಅಟ್ಟೆಯ, ಪಟ್ಟಿ ಇರುವ ವಿಶೇಷ ಚಪ್ಪಲಿ ಮಾಡಿಸಿಕೊಟ್ಟರು. ಅವ್ವ ಅದನ್ನು ನೋಡಿ ಮುಖ ತಿರುಗಿಸಿದಳು. ಹರಕೆ ಮುರಿದರೆ ಮಗಳಿಗೆ ಕೇಡು ಎಂದಳು. ಔಷಧಿ ಅಂತ ತಿಳಕೊಳ್ರಿ, ಚಪ್ಪಲಿ ಅನ್ನಬ್ಯಾಡ್ರಿ ಎಂದು ಅವರು ಗೋಗರೆದ ಮೇಲೆ ಒಪ್ಪಿದಳು.

ನಾನು ಎದುರಿನ ಬೆಂಚಿನ ಮೇಲೆ ಕುಳಿತು ಅವರ ಕೈಗಳನ್ನು ನೋಡುತ್ತಿದ್ದೆ. ಆ ದುರ್ವಾಸನೆಗೆ ಅವರ ಮೂಗು ಒಂದು ಸಲವೂ ಸೊಟ್ಟಗಾಗಲಿಲ್ಲ.

"ಏನ್ ನೋಡ್ತೀರಿ ತ್ರಿವೇಣಿಯವರ?"

"ಗಾಯ ನೋಡ್ತೀನ್ರಿ."

"ಗಾಯ ಇಲ್ಲಿ ಕೆಳಗೈತ್ರಿ."

ಮಿಲ್ಲಿನ ಅಕ್ಕಿ ಹಂಪಿಯ ಹೋಟೆಲುಗಳಿಗೆ ಹೋಗುತ್ತದೆ. ಸ್ಯಾಂಪಲ್ ತೋರಿಸಲು ನಾನು ಹೋದ ಒಂದು ಭಾನುವಾರ ಡಾಕ್ಟರೂ ಜೊತೆಗೆ ಬಂದರು. ಹಂಪಿ ಬಜಾರಿನ ಕಲ್ಲು ಮಂಟಪದ ನೆರಳಲ್ಲಿ ಕುಳಿತು ಮಿರ್ಚಿ ಬಜ್ಜಿ ತಿಂದೆವು. ಚಪ್ಪಲಿ ಬಿಟ್ಟು ದೇವಸ್ಥಾನದಿಂದ ಬರುತ್ತಿದ್ದ ಟೂರಿಸ್ಟರು ಕಾದ ಕಲ್ಲಿನ ಮೇಲೆ ಅಯ್ಯಯ್ಯೋ ಎಂದು ಕುಣಿಯುತ್ತಿದ್ದರು.

"ನೋಡ್ರಿ, ಎಷ್ಟು ಆರೋಗ್ಯವಂತರು" ಎಂದರು. ನನಗೆ ನಗು, ಅಳು ಒಟ್ಟಿಗೇ ಬಂದವು. ನಮ್ಮವ್ವ ಹೀಗೆ ಕುಣಿದಿದ್ದರೆ ಎಷ್ಟು ಚೆನ್ನಾಗಿತ್ತು.

ಆಗ ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಗಾದಿಗನೂರಿನ ಹೊನ್ನೂರಪ್ಪ, ಅದಿರು ಲೋಡಿಂಗ್ ಕೂಲಿ. ಇದೇ ಕಾಯಿಲೆಗೆ ಬಲಗಾಲು ಹೋಯಿತು. "ಅಂಗಡ್ಯಾಗ ಜೋಡಿನಾ ಕೊಡ್ತಾರ, ಒಂಟಿ ಕೊಡಂಗಿಲ್ಲ. ನಮ್ಮನ್ಯಾಗ ಬಲಗಾಲಿನ ಹೊಸ ಚಪ್ಪಲಿ ರಾಶಿ ಬಿದ್ದಾವ. ಅಪ್ಪ ಒಂದನ್ನೂ ಎಸೆಯಾಕ ಬಿಡಂಗಿಲ್ಲ." ಆಮೇಲೆ, "ನಾವು ಕೇರಿಯವರು. ನಿಮಗ ಗೊತ್ತಿರಲಿ" ಎಂದರು.

"ಗೊತ್ತೈತಿ" ಎಂದೆ. "ಮಿರ್ಚಿ ತಿನ್ರಿ, ಆರತೈತಿ." ಅವನ ತಟ್ಟೆಯಿಂದಲೇ ಒಂದು ತೆಗೆದುಕೊಂಡು ಕಚ್ಚಿದೆ. ಹೌದು, ಅಂದಿನಿಂದ ನನ್ನ ಮನಸ್ಸಿನಲ್ಲಿ ಅವನು 'ಅವನು' ಆದ. ನನಗೆ ಅವನು ಬೇಕಾಗಿದ್ದ. ಮನೆಯಲ್ಲಿ ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ ಅವ್ವನಿಗೆ ಚಳಿಜ್ವರ ಬಂತು. ಕಾಲಿನ ಬ್ಯಾಂಡೇಜು ಬಿಚ್ಚಿ ನೋಡಿದರೆ ಪಾದ ಕೆಂಪಗೆ ಊದಿತ್ತು, ಕಿರುಬೆರಳು ಕಪ್ಪಾಗಿತ್ತು. ಗಾಯ ಮಾಯುತ್ತಿದ್ದದ್ದು ಮತ್ತೆ ಹೇಗೆ ಹೀಗಾಯಿತು? ಮಿಲ್ಲಿನ ಹೆಂಗಸರು ಬಾಯಿಬಿಟ್ಟರು. ಕೊಟ್ರಬಸಮ್ಮ ಆ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಕ್ಲಿನಿಕ್ಕಿನ ಬಾಗಿಲಲ್ಲಿ ಹಾಕಿಕೊಂಡು, ಹೊರಗೆ ಬಂದ ತಕ್ಷಣ ತೆಗೆದುಬಿಡುತ್ತಿದ್ದಳು. ಪಕ್ಕದಲ್ಲೇ ಇದ್ದ ನಾನು, ಅವನನ್ನು ಹಿಂತಿರುಗಿ ನೋಡುವುದರಲ್ಲಿ, ಅವಳ ಕಾಲು ನೋಡಿರಲಿಲ್ಲ.

ಬೆರಳಿನ ಎಲುಬಿಗೂ ಸೋಂಕು ಇಳಿದಿತ್ತು. ಕಿರುಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ವಿಜಯಕುಮಾರ್ ಮುಚ್ಚುಮರೆ ಇಲ್ಲದೆ ಹೇಳಿದ: "ಬೆರಳು ಹೋಗಿ ಪಾದ ಉಳದೈತಿ. ಇನ್ನ ಬರಿಗಾಲಾಗ ನಡೆದ್ರ ಪಾದಾನೂ ತೆಗೀಬೇಕಾಗತೈತಿ."

ಅವ್ವ ಗೋಡೆ ನೋಡಿದಳು. "ಇಕಿ ಮದುವಿ ಗೊತ್ತಾಗ್ಲಿ, ಹಾಕ್ಕೊಂತೀನಿ."

ನೋಡಲು ಬಂದಿದ್ದ ಸೋದರತ್ತೆ ಅಕ್ಕನಾಗಮ್ಮ ನನ್ನ ಕಡೆ ತಿರುಗಿದಳು. "ಬಂದ ಗಂಡುಗಳನ್ನೆಲ್ಲ ಒಲ್ಲೆ ಅಂದಿ. ಈಗ ಅವ್ವನ ಕಾಲು ತಿಂದಿ. ಸಮಾಧಾನ ಆತೇನು?"

ನನ್ನ ತಲೆಯಲ್ಲಿ ಏನೋ ಸಿಡಿಯಿತು. "ನಾ ತಿಂದ್ನಾ? ಮದುವಿ ಆಗದ ಹೆಣ್ಣು ಮನ್ಯಾಗ ಇದ್ರ ಅವ್ವನ ಕಾಲು ಕೊಳೀಬೇಕೇನು? ಮಿಲ್ ನಡೆಸ್ತೀನಿ, ಆಸ್ಪತ್ರಿಗೆ ಓಡಾಡ್ತೀನಿ, ಅದು ಯಾವುದೂ ಲೆಕ್ಕಕ್ಕ ಇಲ್ಲ, ತಾಳಿ ಒಂದಾ ಬೇಕು ನಿಮಗ! ಆಗ್ಲಿ. ನನ್ನ ಮದುವಿ ಗೊತ್ತಾಗೈತಿ. ಇವರ ಜೋಡಿನಾ. ಹಾಕ್ಕೋ ಚಪ್ಪಲಿ!"

ನನ್ನ ಬೆರಳು ಡಾಕ್ಟರನ್ನು ತೋರಿಸುತ್ತಿತ್ತು.

"ಇವರು ಯಾರ ಪೈಕಿ ಅಂತ ಗೊತ್ತೈತೇನಲೇ ನಿನಗ? ಗಾದಿಗನೂರಿನ ಕೇರಿ!" ಅಕ್ಕನಾಗಮ್ಮ ಕಿರುಚಿದಳು.

"ಗೊತ್ತೈತಿ. ಅವ್ವನ ಕೀವು ತೊಳೆಯೋವಾಗ ಯಾಕ ಕೇಳ್ಲಿಲ್ಲ ನೀನು?"

ವಿಜಯಕುಮಾರನ ಮುಖ ಬಿಳಿಚಿಕೊಂಡಿತ್ತು. "ನಿಲ್ರಿ" ಎಂದ. ಅವನಿಗೂ ಸಿಟ್ಟು ಬಂದಿತ್ತು. "ನಾ ಡಾಕ್ಟರು, ಔಷಧಿ ಅಲ್ಲ. ಕಾಲು ಉಳಿಸಾಕ ಅಂತ ನನ್ನ ಮದುವಿ ಆಗಬ್ಯಾಡ್ರಿ. ಅವ್ವಾರ, ನಿಮ್ಮ ಮಗಳು ಯಾರನ್ನಾರ ಆಗ್ಲಿ, ಆಗದ ಇರ್ಲಿ, ನೀವು ಚಪ್ಪಲಿ ಹಾಕಾಕಾ ಬೇಕು."

ಅವನು ಹೇಳಿದ್ದು ನ್ಯಾಯ. ಆದರೂ ಕಣ್ಣೀರು ತುಂಬಿತು.

"ಕಾಲಿಗೋಸ್ಕರ ಅಲ್ಲ" ಎಂದೆ. "ನೀವಂದ್ರ ನನಗ ಭಾಳ ಇಷ್ಟ. ಹಂಪ್ಯಾಗ ಹೇಳಬೇಕಾಗಿತ್ತು, ಬಾಯ್ತುಂಬ ಮಿರ್ಚಿ ಇತ್ತು. ಅವ್ವ ಹರಕಿ ಹೊರದಿದ್ರೂ, ಕಾಲು ಚೊಲೋ ಇದ್ರೂ ನಿಮ್ಮನ್ನಾ ಕೇಳ್ತಿದ್ದೆ. ಇಲ್ಲ ಅಂದ್ರ ಇಲ್ಲ ಅನ್ರಿ, ಔಷಧಿ ಗಿವುಷಧಿ ಅನ್ನಬ್ಯಾಡ್ರಿ."

"ಇಲ್ಲ ಅನ್ನಾಕ ನನಗ ಆಗಂಗಿಲ್ಲ" ಎಂದ, ತೀರ ಸಣ್ಣಗೆ.

"ಕೊಟ್ರೀ, ಹೂಂ ಅಂದ್ರ ದೇವರು ಮೆಚ್ಚಂಗಿಲ್ಲ!" ಎಂದಳು ಅಕ್ಕನಾಗಮ್ಮ ಅವ್ವನಿಗೆ.

ಅವ್ವ ಮಂಚದ ಮೇಲೆ ನಿಧಾನವಾಗಿ ಎದ್ದು ಕುಳಿತಳು. ಅವಳ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಬ್ಯಾಂಡೇಜು ಸುತ್ತಿದ ಪಾದವನ್ನು, ಬೆರಳಿಲ್ಲದ ಅಂಚನ್ನು ನೋಡುತ್ತಾ ಕುಳಿತಳು. ಆಮೇಲೆ ನಾದಿನಿಗೆ ಹೇಳಿದಳು:

"ಮಗಳ ಮದುವಿ ಆಗ್ಲಿ ಅಂತ ಅಷ್ಟಾ ಬೇಡಿಕೊಂಡಿದ್ದೆ ನಾನು. ಹುಡುಗ ಯಾರ ಪೈಕಿ ಇರಬೇಕು ಅಂತ ಕೊಟ್ಟೂರಯ್ಯಗ ಹೇಳಿರಲಿಲ್ಲ."

ಅಕ್ಕನಾಗಮ್ಮ ಸೆರಗು ಕೊಡವಿಕೊಂಡು ಹೊರಗೆ ನಡೆದಳು. ಅವ್ವ ತಡೆಯಲಿಲ್ಲ. ಚೀಲ ಎಳೆದುಕೊಂಡು ಆ ಚಪ್ಪಲಿ ತೆಗೆದು ನೆಲಕ್ಕೆ ಹಾಕಿದಳು, ಕಾಲು ಮುಂದೆ ಚಾಚಿದಳು.

ನಾನು ಅಳುತ್ತಲೇ ಅವ್ವನನ್ನು ಬೈದೆ ಕೂಡ. ಒಂದು ಚಪ್ಪಲಿಗೆ ಇಷ್ಟು ಕಾಯಬೇಕಿತ್ತೇನೇ, ಒಂದು ಬೆರಳು ಕೊಡಬೇಕಿತ್ತೇನೇ ಎಂದೆ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ, ಹೋಗುವುದೂ ಬೇಡ.

ವಿಜಯಕುಮಾರ್ ನೆಲಕ್ಕೆ ಮಂಡಿಯೂರಿ ಪಟ್ಟಿ ಎಳೆದ.

ಅವ್ವ ಎದ್ದು ನಿಂತಳು, ನನ್ನ ಹೆಗಲು ಹಿಡಿದು ಒಂದು ಹೆಜ್ಜೆ ಇಟ್ಟಳು.

"ಬಿಗಿ ಐತೋ ಸಡಿಲ ಐತೋ ನನಗಂತೂ ಗೊತ್ತಾಗವಲ್ದು" ಎಂದಳು. "ನೀವಿಬ್ರೂ ಸೇರಿ ನೋಡ್ರಿ."